ಪ್ರೋಗ್ರಾಮ್ ನಿಧಾನವೇ? ಹೊಸ ಮಷೀನ್ ತರೋ ಮೊದಲು ಇಷ್ಟು ನೋಡಿ

ಕೆಲಸಕ್ಕೆ ಸೇರಿ ಎರಡನೇ ವರ್ಷ ನಡೆಯುತ್ತಿತ್ತು. ನಮ್ಮ ಆಫೀಸಿನಲ್ಲಿ ತಿಂಗಳ ಕೊನೆಗೆ ಒಂದು ಲೆಕ್ಕದ ರಿಪೋರ್ಟ್ ತೆಗೆಯಬೇಕಿತ್ತು. ಸುಮಾರು 40,000 ವೋಚರ್‌ಗಳು. ಬಟನ್ ಒತ್ತಿದರೆ ರಿಪೋರ್ಟ್ ಬರೋಕೆ ನಲವತ್ತು ನಿಮಿಷದ ಮೇಲೆ. ಒತ್ತಿ ಕಾಫಿಗೆ ಹೋಗೋದು ಎಲ್ಲರಿಗೂ ರೂಢಿಯಾಗಿತ್ತು. ಕೊನೆಗೆ ಮೇಲಿನವರಿಗೆ ತಾಳ್ಮೆ ಕೆಟ್ಟು ಹೊಸ ಸರ್ವರ್ ತರಿಸಿದರು. ಕೋರ್ (ಪ್ರೊಸೆಸರ್ ಒಳಗೆ ಲೆಕ್ಕ ಮಾಡೋ ಘಟಕ) ನಾಲ್ಕು ಪಟ್ಟು, ರ‍್ಯಾಮ್ ನಾಲ್ಕು ಪಟ್ಟು. ಆ ತಿಂಗಳೂ ನಾವು ಬಟನ್ ಒತ್ತಿ ಕಾಫಿಗೆ ಹೋದೆವು. ವಾಪಸ್ ಬಂದಾಗ ಪರದೆಯ ಮೇಲೆ ಚಕ್ರ ಇನ್ನೂ ತಿರುಗುತ್ತಿತ್ತು.

ಹಳೇ ಸರ್ವರ್ ನಿಧಾನವೇನೂ ಇರಲಿಲ್ಲ. ಅದು ಸುಮ್ನೆ ಕೂತಿತ್ತು, ಅಷ್ಟೇ. ನಮ್ಮ ಪ್ರೋಗ್ರಾಮ್ ಬೆಂಗಳೂರಿನಲ್ಲಿ, ಡೇಟಾಬೇಸ್ ಮುಂಬೈನಲ್ಲಿ. ಒಂದೊಂದು ವೋಚರ್‌ಗೂ ಲೂಪ್ ಒಳಗೆ ಮೂರು ಕ್ವೆರಿ (ಡೇಟಾಬೇಸ್‌ಗೆ ಕೇಳೋ ಪ್ರಶ್ನೆ) ಹೋಗುತ್ತಿತ್ತು. ಅಂದರೆ 1,20,000 ಸಲ ಮುಂಬೈಗೆ ಹೋಗಿ ಬರಬೇಕು. ಒಂದು ಸಲಕ್ಕೆ 20 ಮಿಲಿಸೆಕೆಂಡ್ ಅಂತ ಇಟ್ಟುಕೊಂಡರೂ 2,400 ಸೆಕೆಂಡ್. ನಲವತ್ತು ನಿಮಿಷ ಅಲ್ಲೇ ಮುಗಿಯಿತು, ಅಲ್ವಾ? ಫೈಬರ್ ಒಳಗೆ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡುತ್ತದೆ. ಗೆರೆ ಎಳೆದ ಹಾಗೆ ಹೋದರೂ ಮುಂಬೈ 800 ಕಿಲೋಮೀಟರ್ ಮೇಲಿದೆ. ಹೋಗಿ ಬರೋಕೆ ಕಡಿಮೆ ಅಂದರೂ 8 ಮಿಲಿಸೆಕೆಂಡ್ ಬೇಕು. ಎಷ್ಟು ದುಡ್ಡು ಸುರಿದರೂ ಅದಕ್ಕಿಂತ ಕಮ್ಮಿ ಆಗಲ್ಲ. ಮೂರು ಕ್ವೆರಿಗಳನ್ನೂ ಸೇರಿಸಿ, ಎಲ್ಲ ವೋಚರ್‌ಗೂ ಒಂದೇ ಸಲ ಕೇಳುವಂತೆ ಬದಲಾಯಿಸಿದೆವು. ಆಮೇಲೆ ರಿಪೋರ್ಟ್ ಬರೋ ಅಷ್ಟರಲ್ಲಿ ಕಾಫಿ ಕಪ್ ತಗೊಂಡು ಏಳೋಕೂ ಹೊತ್ತು ಸಾಲುತ್ತಿರಲಿಲ್ಲ.

ಅವತ್ತಿನಿಂದ ನಿಧಾನದ ಪ್ರೋಗ್ರಾಮ್ ಕಂಡರೆ ನಾನು ಕೇಳೋದು ಒಂದೇ ಪ್ರಶ್ನೆ: ಪ್ರೊಸೆಸರ್ ಈಗ ಯಾವುದಕ್ಕೆ ಕಾಯುತ್ತಾ ಕೂತಿದೆ? ಕೆಳಗಿನ ಹೆಜ್ಜೆಗಳೆಲ್ಲ ಆ ಪ್ರಶ್ನೆಗೆ ಉತ್ತರ ಹುಡುಕೋ ದಾರಿ. ಇದೇ ಕ್ರಮದಲ್ಲಿ ಹೋಗಿ. ಮೊದಲ ಹೆಜ್ಜೆ ಬಿಟ್ಟು ಐದನೆಯದಕ್ಕೆ ಹಾರಿ ವಾರಗಟ್ಟಲೆ ಹಾಳು ಮಾಡಿಕೊಂಡವರಲ್ಲಿ ನಾನೂ ಒಬ್ಬ.

ಹೆಜ್ಜೆ 1: ಗಡಿಯಾರ ಹಿಡಿಯಿರಿ

ಲಿನಕ್ಸ್ ಅಥವಾ ಮ್ಯಾಕ್‌ನಲ್ಲಿ ನಿಮ್ಮ ಕಮಾಂಡ್‌ನ ಮುಂದೆ ‘ಟೈಮ್’ (time) ಅಂತ ಸೇರಿಸಿ ಓಡಿಸಿ. ಮೂರು ಸಂಖ್ಯೆ ಬರುತ್ತವೆ. ‘ರಿಯಲ್’ ಅಂದರೆ ಗೋಡೆ ಗಡಿಯಾರದ ಹೊತ್ತು. ‘ಯೂಸರ್’ ಅಂದರೆ ನಿಮ್ಮ ಕೋಡ್‌ಗಾಗಿ ಪ್ರೊಸೆಸರ್ ದುಡಿದ ಹೊತ್ತು. ‘ಸಿಸ್’ ಅಂದರೆ ನಿಮ್ಮ ಪರವಾಗಿ ಆಪರೇಟಿಂಗ್ ಸಿಸ್ಟಮ್ ದುಡಿದ ಹೊತ್ತು.

ರಿಯಲ್ ದೊಡ್ಡದು, ಉಳಿದೆರಡೂ ಚಿಕ್ಕವು ಅಂದರೆ ಪ್ರೋಗ್ರಾಮ್ ಕಾಯುತ್ತಿದೆ. ನೆಟ್‌ವರ್ಕೋ, ಡಿಸ್ಕೋ, ಇನ್ಯಾರೋ ಹಿಡಿದಿರೋ ಲಾಕೋ (ಒಬ್ಬರು ಬಳಸುವಾಗ ಉಳಿದವರನ್ನು ತಡೆಯೋ ಬೀಗ). ರಿಯಲ್ ಮತ್ತು ಯೂಸರ್ ಹೆಚ್ಚುಕಮ್ಮಿ ಒಂದೇ ಇದ್ದರೆ ಒಂದು ಕೋರ್ ಪೂರ್ತಿ ಕೆಲಸದಲ್ಲಿದೆ, ಉಳಿದವು ಖಾಲಿ. ಯೂಸರ್ ರಿಯಲ್‌ಗಿಂತ ದೊಡ್ಡದಿದ್ದರೆ ಹಲವು ಕೋರ್‌ಗಳು ಒಟ್ಟಿಗೆ ದುಡಿಯುತ್ತಿವೆ. ಸಿಸ್ ದೊಡ್ಡದಿದ್ದರೆ ಫೈಲನ್ನು ತುಣುಕು ತುಣುಕಾಗಿ ಓದುತ್ತಿದ್ದೀರೋ ಬರೆಯುತ್ತಿದ್ದೀರೋ ಅಂತ ಮೊದಲು ನೋಡಿ.

ಒಂದು ಸಲ ಓಡಿಸಿ ನಂಬಬೇಡಿ. ಕಡಿಮೆ ಅಂದರೂ ಐದು ಸಲ ಓಡಿಸಿ. ಮೊದಲನೇ ಸಲ ಫೈಲ್ ಡಿಸ್ಕ್‌ನಿಂದ ಬರುತ್ತದೆ. ಎರಡನೇ ಸಲಕ್ಕೆ ಅದು ರ‍್ಯಾಮ್‌ನಲ್ಲೇ ಇರುತ್ತದೆ. ನೂರು ಸಾಲಿನ ಡೇಟಾ ಇಟ್ಟುಕೊಂಡು ಅಳೆಯಲೂ ಬೇಡಿ. ನೂರು ಸಾಲಿಗೆ ಎಂಥಾ ಕೆಟ್ಟ ಕೋಡೂ ಚುರುಕಾಗಿಯೇ ಓಡುತ್ತದೆ.

ಹೆಜ್ಜೆ 2: ದೂರದ ಲೆಕ್ಕ ತಲೆಯಲ್ಲಿರಲಿ

3 ಗಿಗಾಹರ್ಟ್ಸ್ ಪ್ರೊಸೆಸರ್‌ನ ಒಂದು ಸೈಕಲ್ (ಅದರ ಕೆಲಸದ ಒಂದು ಬಡಿತ) ಅಂದರೆ ಸೆಕೆಂಡಿನ 300 ಕೋಟಿಯಲ್ಲಿ ಒಂದು ಪಾಲು. ಇದು ಯಾರ ತಲೆಗೂ ಹೋಗಲ್ಲ. ಆ ಒಂದು ಸೈಕಲ್ಲನ್ನೇ ಒಂದು ಸೆಕೆಂಡ್ ಅಂದುಕೊಳ್ಳಿ. ನೀವು ಒಲೆ ಮುಂದೆ ನಿಂತಿದ್ದೀರಿ, ಒಗ್ಗರಣೆಗೆ ಎಣ್ಣೆ ಕಾದಿದೆ. ಕೈಗೆ ಸಿಗೋ ಒಗ್ಗರಣೆ ಡಬ್ಬಿಯೇ ಎಲ್1 ಕ್ಯಾಶ್, ಅಂದರೆ ಪ್ರೊಸೆಸರ್ ಪಕ್ಕದಲ್ಲೇ ಇರೋ ಪುಟ್ಟ ಮೆಮೊರಿ. ಸಾಸಿವೆ ತೆಗೆಯೋಕೆ ನಾಲ್ಕೈದು ಸೆಕೆಂಡ್ ಸಾಕು. ಹಿಂದಿನ ಕಪಾಟು ಎಲ್2, ಹದಿನೈದು ಸೆಕೆಂಡ್. ಪಕ್ಕದ ಸ್ಟೋರ್ ರೂಮ್ ಎಲ್3, ಮುಕ್ಕಾಲು ನಿಮಿಷದಿಂದ ಒಂದು ನಿಮಿಷ. ರ‍್ಯಾಮ್ ಅಂದರೆ ಬೀದಿ ಕೊನೆಯ ಅಂಗಡಿ, ಹೋಗಿ ಬರೋಕೆ ಐದು ನಿಮಿಷ. ಅಷ್ಟರಲ್ಲಿ ಎಣ್ಣೆ ಹೊತ್ತಿಕೊಂಡಿರುತ್ತದೆ. ಒಳ್ಳೆಯ ಎಸ್‌ಎಸ್‌ಡಿ ಮೂರೂವರೆ ದಿನ. ತಿರುಗೋ ಹಾರ್ಡ್ ಡಿಸ್ಕ್ ಹೆಚ್ಚುಕಮ್ಮಿ ಒಂದು ವರ್ಷ. ನಮ್ಮ ಮುಂಬೈ ಡೇಟಾಬೇಸ್ ಎರಡು ವರ್ಷಕ್ಕೆ ಸ್ವಲ್ಪ ಕಮ್ಮಿ. ನಾವು ಅಲ್ಲಿಗೆ ಒಂದೊಂದು ವೋಚರ್‌ಗೂ ಮೂರು ಸಲ ಆಳು ಕಳಿಸುತ್ತಿದ್ದೆವು.

ಹಾಗಾಗಿ ಮೊದಲು ದೂರದ ಪ್ರಯಾಣಗಳನ್ನು ಎಣಿಸಿ. ಡೇಟಾಬೇಸ್‌ನ ಕ್ವೆರಿ ಲಾಗ್ ಆನ್ ಮಾಡಿ. ಒಂದು ಪೇಜ್ ತೆರೆಯೋಕೆ ಎಷ್ಟು ಕ್ವೆರಿ ಹೋಯಿತು ಅಂತ ನೋಡಿ. ಒಂದೇ ಕ್ವೆರಿ ನಂಬರ್ ಮಾತ್ರ ಬದಲಾಗಿ ಇನ್ನೂರು ಸಲ ಕಾಣಿಸಿದರೆ ಕಳ್ಳ ಸಿಕ್ಕ ಹಾಗೆಯೇ.

ರ‍್ಯಾಮ್ ತುಂಬಿ ಡೇಟಾ ಡಿಸ್ಕಿಗೆ ಹೋಗಿ ಬರುತ್ತಿದೆಯೋ ಅಂತಲೂ ಇಲ್ಲೇ ನೋಡಿಬಿಡಿ. ಲಿನಕ್ಸ್‌ನಲ್ಲಿ ‘ವಿಎಂಸ್ಟ್ಯಾಟ್ 1’ (vmstat 1) ಅಂತ ಕೊಟ್ಟರೆ ‘ಎಸ್‌ಐ’, ‘ಎಸ್‌ಒ’ ಅನ್ನೋ ಎರಡು ಕಾಲಂ ಕಾಣುತ್ತವೆ. ಅವು ಸೊನ್ನೆಯಲ್ಲೇ ಇರಬೇಕು. ಸದಾ ಕುಣಿಯುತ್ತಿದ್ದರೆ ಐದು ನಿಮಿಷದ ಅಂಗಡಿ ಮೂರೂವರೆ ದಿನದ ಊರಾಗಿದೆ ಅಂತ ಅರ್ಥ. ಆಗ ಧೈರ್ಯವಾಗಿ ರ‍್ಯಾಮ್ ಹಾಕಿಸಿ. ದುಡ್ಡು ಕೊಟ್ಟರೆ ನಿಜವಾಗಿ ಗುಣವಾಗೋ ಕಾಯಿಲೆಗಳಲ್ಲಿ ಇದೊಂದು.

ಹೆಜ್ಜೆ 3: ಬೇಡದ ಕೆಲಸ ಎಷ್ಟಿದೆ, ಎಣಿಸಿ

ಈಗ ಪ್ರೊಸೆಸರ್ ಕಾಯುತ್ತಿಲ್ಲ, ನಿಜವಾಗಿ ದುಡಿಯುತ್ತಿದೆ ಅಂದುಕೊಳ್ಳೋಣ. ಆ ದುಡಿಮೆ ಬೇಕಿತ್ತಾ?

2021ರಲ್ಲಿ ಬೆಳಕಿಗೆ ಬಂದ ಒಂದು ಪ್ರಸಂಗ ಇದಕ್ಕೆ ಹೇಳಿ ಮಾಡಿಸಿದ ಹಾಗಿದೆ. ಜಿಟಿಎ ಆನ್‌ಲೈನ್ ಆಟ ಲೋಡ್ ಆಗೋಕೆ ಆಗ ನಿಮಿಷಗಟ್ಟಲೆ ಹಿಡಿಯುತ್ತಿತ್ತು. ಒಬ್ಬ ಆಟಗಾರ ಪ್ರೊಫೈಲರ್ (ಯಾವ ಕೋಡ್‌ಗೆ ಎಷ್ಟು ಹೊತ್ತು ಹೋಗುತ್ತದೆ ಅಂತ ತೋರಿಸೋ ಸಾಧನ) ಹಾಕಿ ನೋಡಿದರು. ಒಂದು ಕೋರ್ ಪೂರ್ತಿ ಬಿಸಿ, ಉಳಿದವು ಖಾಲಿ. ಆಟ ಓದುತ್ತಿದ್ದದ್ದು ಸುಮಾರು 10 ಎಂಬಿಯ ಒಂದು ಜೇಸನ್ ಫೈಲ್ (ಡೇಟಾವನ್ನು ಪಠ್ಯವಾಗಿ ಬರೆದಿಡೋ ಬಗೆ), ಅದರಲ್ಲಿ ಸುಮಾರು 63,000 ಸಾಮಾನುಗಳ ಪಟ್ಟಿ. ತಪ್ಪು ಎರಡಿತ್ತು. ಒಂದು, ಪ್ರತಿ ತುಣುಕು ಓದುವಾಗಲೂ ಉಳಿದ ಪಠ್ಯ ಎಷ್ಟುದ್ದ ಇದೆ ಅಂತ ಕೊನೇವರೆಗೆ ಎಣಿಸಿಕೊಂಡು ಬರುತ್ತಿತ್ತು. ಇನ್ನೊಂದು, ಪ್ರತಿ ಸಾಮಾನು ಸೇರಿಸುವಾಗಲೂ ಅದು ಮೊದಲೇ ಇದೆಯಾ ಅಂತ ಪಟ್ಟಿಯನ್ನು ಮೊದಲಿಂದ ಹುಡುಕುತ್ತಿತ್ತು. 63,000 ಸಾಮಾನಿಗೆ ಹಾಗೆ ಹುಡುಕಿದರೆ ಸುಮಾರು 198 ಕೋಟಿ ಹೋಲಿಕೆ ಆಗುತ್ತದೆ. ಎರಡನ್ನೂ ಸರಿ ಮಾಡಿದ ಮೇಲೆ ಅವರ ಮಷೀನ್‌ನಲ್ಲಿ ಲೋಡಿಂಗ್ ಹೊತ್ತು ಸುಮಾರು 70% ಇಳಿಯಿತು. ಆಟದ ಕಂಪನಿ ತಿದ್ದುಪಡಿ ಒಪ್ಪಿಕೊಂಡು ಅವರಿಗೆ 10,000 ಡಾಲರ್ ಬಹುಮಾನವನ್ನೂ ಕೊಟ್ಟಿತು.

ನಿಮ್ಮ ಕೋಡ್‌ನಲ್ಲೂ ಇದನ್ನೇ ಹುಡುಕಿ. ಲೂಪ್ ಒಳಗೆ ‘ಇದು ಪಟ್ಟಿಯಲ್ಲಿದೆಯಾ’ ಅನ್ನೋ ಪ್ರಶ್ನೆ ಇದೆಯಾ? ಪೈಥಾನ್‌ನಲ್ಲಾದರೆ ಲಿಸ್ಟ್ ಬದಲು ಸೆಟ್ ಬಳಸಿ, ಅದು ಇಡೀ ಪಟ್ಟಿ ಹುಡುಕದೆ ಇದೆಯೋ ಇಲ್ಲವೋ ಅಂತ ನೇರವಾಗಿ ಹೇಳುತ್ತದೆ. ಬರೀ ಒಂದೆರಡು ಪದದ ಬದಲಾವಣೆ. 2 ಲಕ್ಷ ಪದಗಳ ಪಟ್ಟಿಯಲ್ಲಿ ಎರಡೆರಡು ಸಲ ಬಂದದ್ದನ್ನು ತೆಗೆಯುವಾಗ ಅದು 2,000 ಕೋಟಿ ಹೋಲಿಕೆಯನ್ನು ಕೆಲವು ಲಕ್ಷಕ್ಕೆ ಇಳಿಸುತ್ತದೆ.

ಕನ್ನಡ ಪಠ್ಯದ ಜೊತೆ ಕೆಲಸ ಮಾಡೋರಿಗೆ ಒಂದು ಮಾತು ಜಾಸ್ತಿ. ‘ಕನ್ನಡ’ ಅನ್ನೋದು ಓದೋರ ಕಣ್ಣಿಗೆ ಮೂರು ಅಕ್ಷರ. ಎಲ್ಲ ಲಿಪಿಗಳ ಅಕ್ಷರಕ್ಕೂ ಸಂಖ್ಯೆ ಕೊಡೋ ಯೂನಿಕೋಡ್‌ಗೆ ಐದು: ಕ, ನ, ವಿರಾಮ (ಒತ್ತಕ್ಷರ ಮಾಡೋ ಗುರುತು), ನ, ಡ. ಆ ಸಂಖ್ಯೆಗಳನ್ನು ಬೈಟ್‌ಗಳಾಗಿ ಬರೆಯೋ ಯುಟಿಎಫ್-8ರಲ್ಲಿ ಒಂದೊಂದಕ್ಕೂ 3 ಬೈಟ್, ಒಟ್ಟು 15. ಇಂಗ್ಲಿಷ್ ಅಕ್ಷರಕ್ಕೆ 1 ಬೈಟ್. ಇಂಗ್ಲಿಷ್ ಅಂಕಿ, ಬಿಡುವು, ಕನ್ನಡ ಎಲ್ಲ ಬೆರೆತ ಪಠ್ಯದಲ್ಲಿ ‘ಸಾವಿರನೇ ಅಕ್ಷರ ಕೊಡು’ ಅಂದರೆ ಮೊದಲಿಂದ ಎಣಿಸದೆ ಬೇರೆ ದಾರಿಯಿಲ್ಲ. ಯುಟಿಎಫ್-8 ಆಗಿಯೇ ಸ್ಟ್ರಿಂಗ್ ಇಡೋ ರಸ್ಟ್‌ನಂಥ ಭಾಷೆಯಲ್ಲಿ ಲೂಪ್ ಒಳಗೆ ಹಾಗೆ ಕೇಳಿದಿರೋ, ಆಟದವರ ಮೊದಲನೇ ತಪ್ಪನ್ನೇ ನೀವೂ ಮಾಡಿದ ಹಾಗೆ. ಮೊದಲಿಂದ ಕೊನೆಗೆ ಒಂದೇ ಸಲ ನಡೆದುಹೋಗಿ.

ಹೆಜ್ಜೆ 4: ಮೆಮೊರಿಯಲ್ಲಿ ಸಾಲಾಗಿ ನಡೆಯಿರಿ

ಹಾರ್ಡ್‌ವೇರ್ ಹೇಗೆ ಕಟ್ಟಲಾಗಿದೆ ಅನ್ನೋದು ನಿಮ್ಮ ಕೋಡ್‌ಗೆ ನೇರವಾಗಿ ತಾಗೋ ಜಾಗ ಇದು. ನನಗೆ ಅತಿ ಇಷ್ಟದ ಹೆಜ್ಜೆಯೂ ಹೌದು.

ಸಿ ಭಾಷೆಯಲ್ಲಿ 10,000 ಸಾಲು, 10,000 ಕಾಲಂ ಇರೋ ಒಂದು ಕೋಷ್ಟಕ ಮಾಡಿ. ಒಂದೊಂದು ಸಂಖ್ಯೆಗೆ 8 ಬೈಟ್, ಒಟ್ಟು 800 ಎಂಬಿ. ಎಲ್ಲವನ್ನೂ ಕೂಡಿ. ಮೊದಲು ಸಾಲು ಸಾಲಾಗಿ ಕೂಡಿ, ಆಮೇಲೆ ಕಾಲಂ ಕಾಲಂ ಆಗಿ. ಎರಡು ಲೂಪ್‌ಗಳನ್ನು ಅದಲುಬದಲು ಮಾಡಿದರೆ ಸಾಕು, ಬೇರೇನೂ ಬದಲಾಗಲ್ಲ. ಕೂಡೋ ಕೆಲಸವೂ ಅಷ್ಟೇ, 10 ಕೋಟಿ ಸಲ. ಎರಡಕ್ಕೂ ಹಿಡಿಯೋ ಹೊತ್ತು ಅಳೆಯಿರಿ. ಸಾಮಾನ್ಯ ಲ್ಯಾಪ್‌ಟಾಪ್‌ನಲ್ಲಿ ಕಾಲಂ ದಾರಿ ಹಲವು ಪಟ್ಟು ನಿಧಾನ. ನಾನು ಮೊದಲ ಸಲ ಮಾಡಿದಾಗ ಎಲ್ಲೋ ತಪ್ಪಾಗಿದೆ ಅಂತ ಮೂರು ಸಲ ಓಡಿಸಿದ್ದೆ.

ಪ್ರೊಸೆಸರ್ ರ‍್ಯಾಮ್‌ನಿಂದ ಒಂದೇ ಸಂಖ್ಯೆಯನ್ನು ತರೋದಿಲ್ಲ. ಇಂಟೆಲ್, ಎಎಂಡಿ ಮಷೀನ್‌ಗಳಲ್ಲಿ ಒಮ್ಮೆಗೆ 64 ಬೈಟ್ ತರುತ್ತದೆ. ಇದನ್ನು ಕ್ಯಾಶ್ ಲೈನ್ ಅನ್ನುತ್ತಾರೆ. ಆ್ಯಪಲ್‌ನ ಎಂ1ರಲ್ಲಿ 128 ಬೈಟ್. ಅಂಗಡಿಗೆ ಹೋದವರು ಒಂದು ಎಸಳು ಕರಿಬೇವು ತರಲ್ಲ, ಒಂದು ಕಟ್ಟು ತರುತ್ತಾರೆ. ಸಿ ಭಾಷೆ ಕೋಷ್ಟಕವನ್ನು ಸಾಲು ಸಾಲಾಗಿ ಇಡುತ್ತದೆ. ಹಾಗಾಗಿ ಸಾಲಲ್ಲಿ ನಡೆದರೆ ಒಂದು ಸಲ ತಂದ ಲೈನ್‌ನಲ್ಲಿ 8 ಸಂಖ್ಯೆ ಸಿಗುತ್ತವೆ. ‘ಇವರು ಹೀಗೇ ಮುಂದೆ ಹೋಗುತ್ತಾರೆ’ ಅಂತ ಹಾರ್ಡ್‌ವೇರ್ ಊಹಿಸಿ ಮುಂದಿನ ಲೈನ್‌ಗಳನ್ನು ಕೇಳೋ ಮೊದಲೇ ತಂದಿಡುತ್ತದೆ.

ಕಾಲಂನಲ್ಲಿ ಇಳಿದರೆ ಒಂದು ಸಂಖ್ಯೆಯಿಂದ ಮುಂದಿನದಕ್ಕೆ 80,000 ಬೈಟ್ ಜಿಗಿತ. ತಂದ ಕಟ್ಟಿನಲ್ಲಿ ಒಂದೇ ಎಸಳು ಬಳಸಿ ಮುಂದಕ್ಕೆ ಹೋಗುತ್ತೀರಿ. ಉಳಿದ ಏಳು ಬೇಕಾಗೋದು ಮುಂದಿನ ಕಾಲಂಗೆ. ಅಷ್ಟರಲ್ಲಿ 10,000 ಲೈನ್ ಬಂದುಹೋಗಿರುತ್ತವೆ, ಅಂದರೆ 640 ಕೆಬಿ. ಎಲ್1ನಲ್ಲಿರೋ ಜಾಗ ಸಾಮಾನ್ಯವಾಗಿ 32 ಅಥವಾ 48 ಕೆಬಿ. ಹಳೇ ಕಟ್ಟು ಯಾವಾಗಲೋ ಆಚೆ ಹೋಗಿರುತ್ತದೆ. ಮತ್ತೆ ಎಲ್2ಗೋ ಎಲ್3ಗೋ ಅಂಗಡಿಗೋ ಓಡಬೇಕು. ಜೊತೆಗೆ ಮೆಮೊರಿಯನ್ನು ಸಾಮಾನ್ಯವಾಗಿ 4 ಕೆಬಿಯ ಪುಟಗಳಾಗಿ ಹಂಚಿರುತ್ತಾರೆ. 80,000 ಬೈಟ್ ಜಿಗಿದರೆ ಪ್ರತಿ ಸಲವೂ ಹೊಸ ಪುಟ. ಯಾವ ಪುಟ ಎಲ್ಲಿದೆ ಅನ್ನೋ ವಿಳಾಸ ಪುಸ್ತಕದ ಇತ್ತೀಚಿನ ಸಾಲುಗಳು ಪ್ರೊಸೆಸರ್ ಒಳಗಿನ ಟಿಎಲ್‌ಬಿಯಲ್ಲಿರುತ್ತವೆ. ಅದರಲ್ಲಿ ಹಿಡಿಯೋದು ಕೆಲವೇ ಸಾವಿರ ವಿಳಾಸ. ಹತ್ತು ಸಾವಿರ ಸಾಲಿಗೆ ಅದೂ ಸಾಲದು.

ಪರೀಕ್ಷೆ ಮಾಡುವಾಗ ಎರಡು ಎಚ್ಚರಿಕೆ. ಕೂಡಿದ ಮೊತ್ತವನ್ನು ಕೊನೆಗೆ ಪ್ರಿಂಟ್ ಮಾಡಿ, ಇಲ್ಲದಿದ್ದರೆ ಯಾರಿಗೂ ಬೇಡದ ಕೆಲಸ ಅಂತ ಕಂಪೈಲರ್ ಇಡೀ ಲೂಪನ್ನೇ ತೆಗೆದುಹಾಕಬಹುದು. ಆಪ್ಟಿಮೈಸೇಷನ್ ಮೂರನೇ ಮಟ್ಟಕ್ಕೆ ಇಟ್ಟರೆ ಕೆಲವು ಕಂಪೈಲರ್‌ಗಳು ತಾವೇ ಲೂಪ್‌ಗಳನ್ನು ಅದಲುಬದಲು ಮಾಡಬಲ್ಲವು. ಆಗ ವ್ಯತ್ಯಾಸವೇ ಕಾಣದೆ ನನ್ನನ್ನು ಬೈಯಬೇಡಿ. ಫೋರ್ಟ್ರಾನ್‌ನಲ್ಲಿ ಎಲ್ಲ ತಿರುಗಮುರುಗ, ಅಲ್ಲಿ ಕಾಲಂ ದಾರಿಯೇ ಹತ್ತಿರ.

ಹೆಜ್ಜೆ 5: ಬೇಕಾದದ್ದು ಒಟ್ಟಿಗಿರಲಿ

ಗ್ರಾಹಕರ ಒಂದೊಂದು ದಾಖಲೆ 128 ಬೈಟ್ ಇದೆ ಅನ್ನಿ: ಹೆಸರು, ವಿಳಾಸ, ಫೋನ್, ವಯಸ್ಸು. ನಿಮಗೆ ಬೇಕಿರೋದು ಸರಾಸರಿ ವಯಸ್ಸು, ಅದು 4 ಬೈಟ್. ದಾಖಲೆಗಳನ್ನು ಒಂದರ ಪಕ್ಕ ಒಂದು ಇಟ್ಟರೆ 64 ಬೈಟ್ ತಂದು 4 ಬೈಟ್ ಬಳಸುತ್ತೀರಿ. ವಯಸ್ಸುಗಳನ್ನೆಲ್ಲ ಬೇರೆ ಅರೇಯಲ್ಲಿ (ಮೆಮೊರಿಯಲ್ಲಿ ಒಂದರ ಪಕ್ಕ ಒಂದಾಗಿ) ಇಟ್ಟರೆ ಒಂದು ಲೈನ್‌ಗೆ 16 ಜನರ ವಯಸ್ಸು ಬರುತ್ತದೆ. ಡೇಟಾವನ್ನು ಕಾಲಂ ಕಾಲಂ ಆಗಿ ಇಡೋ ಪಾರ್ಕೆಟ್ ಫೈಲ್‌ಗಳು, ಕಾಲಂ ಡೇಟಾಬೇಸ್‌ಗಳು ನಂಬಿರೋದು ಇದನ್ನೇ.

ಪೈಥಾನ್ ಲಿಸ್ಟ್‌ನಲ್ಲಿ ದಶಮಾಂಶ ಸಂಖ್ಯೆ ಇಟ್ಟರೆ ಲಿಸ್ಟ್‌ನೊಳಗೆ ಇರೋದು ಬರೀ 8 ಬೈಟ್‌ನ ವಿಳಾಸ. ನಿಜವಾದ ಸಂಖ್ಯೆ ಬೇರೆಲ್ಲೋ 24 ಬೈಟ್‌ನ ಆಬ್ಜೆಕ್ಟ್ ಆಗಿ ಕೂತಿರುತ್ತದೆ. 10 ಕೋಟಿ ಸಂಖ್ಯೆಗೆ 3.2 ಜಿಬಿ. ಪೈಥಾನ್‌ನ ಲೆಕ್ಕದ ಲೈಬ್ರರಿ ನಂಪೈನ ಅರೇಯಲ್ಲಿ ಅದೇ 800 ಎಂಬಿ, ಅದೂ ಸಾಲಾಗಿ. ನಂಪೈ ಯಾಕೆ ಅಷ್ಟು ವೇಗ ಅನ್ನೋದಕ್ಕೆ ‘ಅದು ಸಿಯಲ್ಲಿ ಬರೆದದ್ದು’ ಅಂತ ಎಲ್ಲರೂ ಹೇಳುತ್ತಾರೆ. ಅದು ಅರ್ಧ ಉತ್ತರ. ಉಳಿದರ್ಧ ಈ ಜೋಡಣೆ.

ಒಂದೊಂದು ನೋಡ್ ಮುಂದಿನದರ ವಿಳಾಸ ಹಿಡಿದಿರೋ ಲಿಂಕ್ಡ್ ಲಿಸ್ಟ್ ಬಗ್ಗೆ ಕಾಲೇಜಿನಲ್ಲಿ ನಮಗೆ ಬಹಳ ಪ್ರೀತಿಯಿಂದ ಹೇಳಿಕೊಟ್ಟಿದ್ದರು. ಪ್ರೊಸೆಸರ್‌ಗೆ ಅದರ ಮೇಲೆ ಆ ಪ್ರೀತಿ ಇಲ್ಲ. ಮುಂದಿನ ನೋಡ್ ಎಲ್ಲಿದೆ ಅಂತ ತಿಳಿಯೋದು ಈ ನೋಡ್ ಕೈಗೆ ಬಂದ ಮೇಲೆಯೇ. ಹಾಗಾಗಿ ಮುಂಚೆಯೇ ತಂದಿಡೋಕೆ ದಾರಿ ಇಲ್ಲ. ಅರೇ ಸಾಕಾಗೋ ಕಡೆ ಅರೇ ಬಳಸಿ.

ಲಿನಕ್ಸ್‌ನಲ್ಲಿ ‘ಪರ್ಫ್ ಸ್ಟ್ಯಾಟ್’ (perf stat) ಕೊಟ್ಟರೆ ಸೈಕಲ್ ಒಂದಕ್ಕೆ ಎಷ್ಟು ಇನ್‌ಸ್ಟ್ರಕ್ಷನ್ ಓಡಿತು ಅಂತ ತೋರಿಸುತ್ತದೆ. ಇಂದಿನ ಕೋರ್‌ಗಳು ನಾಲ್ಕರ ಮೇಲೂ ಓಡಿಸಬಲ್ಲವು. ನಿಮ್ಮದು ಒಂದಕ್ಕಿಂತ ಕೆಳಗಿದ್ದರೆ ಮೊದಲ ಅನುಮಾನ ಮೆಮೊರಿ ಮೇಲಿರಲಿ. ಎರಡನೇ ಅನುಮಾನ ‘ಇಫ್’ಗಳ ಮೇಲೆ. ದಾರಿ ಎತ್ತ ತಿರುಗುತ್ತದೆ ಅಂತ ಪ್ರೊಸೆಸರ್ ಊಹಿಸಿ ಮುಂದೆ ಓಡುತ್ತದೆ. ಊಹೆ ತಪ್ಪಿದರೆ 15–20 ಸೈಕಲ್ ದಂಡ. ಡೇಟಾವನ್ನು ಮೊದಲೇ ವಿಂಗಡಿಸಿದರೆ ಕೆಲವೊಮ್ಮೆ ಈ ದಂಡ ತಪ್ಪುತ್ತದೆ. ಇದಕ್ಕಿಂತ ಹೆಚ್ಚು ತಲೆ ಕೆಡಿಸಿಕೊಳ್ಳೋ ಅಗತ್ಯ ನನಗೆ ಬಂದದ್ದು ಕಡಿಮೆ.

ಹೆಜ್ಜೆ 6: ಆಮೇಲೆ ಕೋರ್‌ಗಳು

1994ರಲ್ಲಿ 100 ಮೆಗಾಹರ್ಟ್ಸ್‌ನ ಪೆಂಟಿಯಂ ಬಂತು. 2004ಕ್ಕೆ ಪೆಂಟಿಯಂ 4 ಮುಟ್ಟಿದ್ದು 3.8 ಗಿಗಾಹರ್ಟ್ಸ್. ಹತ್ತು ವರ್ಷಕ್ಕೆ 38 ಪಟ್ಟು. ಆಗ ಕೋಡ್ ಕೆಟ್ಟದಾಗಿದ್ದರೂ ನಡೆಯುತ್ತಿತ್ತು, ಎರಡು ವರ್ಷ ಕಾದರೆ ಮಷೀನೇ ಸರಿ ಮಾಡುತ್ತಿತ್ತು. ಆಮೇಲೆ ಬಿಸಿ ತಡೆಯೋಕೆ ಆಗಲಿಲ್ಲ. 2024ರಲ್ಲಿ ಇಂಟೆಲ್‌ನ ಅತಿ ವೇಗದ ಡೆಸ್ಕ್‌ಟಾಪ್ ಚಿಪ್ ಹತ್ತಿದ್ದು 6.2 ಗಿಗಾಹರ್ಟ್ಸ್‌ವರೆಗೆ. ಇಪ್ಪತ್ತು ವರ್ಷಕ್ಕೆ ಎರಡು ಪಟ್ಟೂ ಆಗಲಿಲ್ಲ. ಅದಕ್ಕೇ ಈಗ ವೇಗದ ಬದಲು ಕೋರ್ ಮಾರುತ್ತಾರೆ.

ಕೋರ್ ಎಷ್ಟಿದ್ದರೂ ಒಬ್ಬರೇ ಮಾಡಬೇಕಾದ ಕೆಲಸ ಉಳಿದೇ ಉಳಿಯುತ್ತದೆ. ಕಂಪ್ಯೂಟರ್ ವಿನ್ಯಾಸಕ ಜೀನ್ ಆಮ್ಡಾಲ್ 1967ರಲ್ಲೇ ಇದನ್ನು ಹೇಳಿದ್ದರು. 100 ನಿಮಿಷದ ಕೆಲಸದಲ್ಲಿ 10 ನಿಮಿಷದ್ದು ಹಂಚೋಕಾಗಲ್ಲ ಅನ್ನಿ. 16 ಕೋರ್ ಹಾಕಿದರೆ ಉಳಿದ 90 ನಿಮಿಷ 5.6ಕ್ಕೆ ಇಳಿಯುತ್ತದೆ, ಒಟ್ಟು 15.6. ಅಂದರೆ ಸುಮಾರು 6.4 ಪಟ್ಟು ವೇಗ, ಹದಿನಾರು ಪಟ್ಟಲ್ಲ. ಸಾವಿರ ಕೋರ್ ಹಾಕಿದರೂ ಹತ್ತು ಪಟ್ಟು ದಾಟಲ್ಲ. ಬೆಂಗಳೂರಿನ ಐಐಎಸ್‌ಸಿಗೆ 2022ರಲ್ಲಿ ಬಂದ 3.3 ಪೆಟಾಫ್ಲಾಪ್‌ನ ಸೂಪರ್‌ಕಂಪ್ಯೂಟರ್ ಪರಮ್ ಪ್ರವೇಗದ ಮೇಲೆ ಓಡಿಸಿದರೂ ಲೆಕ್ಕ ಇದೇ. ಹಾಗಾಗಿ ಥ್ರೆಡ್ (ಒಟ್ಟೊಟ್ಟಿಗೆ ಓಡೋ ಕೆಲಸದ ಎಳೆ) ಜಾಸ್ತಿ ಮಾಡೋ ಮೊದಲು ಆ ಹತ್ತು ನಿಮಿಷವನ್ನು ಕಡಿಮೆ ಮಾಡಿ.

ಒಂದು ಗುಂಡಿಗೆ ಮಾತ್ರ ಎಲ್ಲರೂ ಬೀಳುತ್ತಾರೆ. ನಾಲ್ಕು ಥ್ರೆಡ್‌ಗಳಿಗೆ ನಾಲ್ಕು ಲೆಕ್ಕದ ಡಬ್ಬಿ ಅಂತ ಪಕ್ಕಪಕ್ಕದಲ್ಲಿ ನಾಲ್ಕು ಸಂಖ್ಯೆ ಇಡುತ್ತಾರೆ. ಯಾರ ಡಬ್ಬಿ ಯಾರೂ ಮುಟ್ಟಲ್ಲ, ಲಾಕೂ ಬೇಡ. ಆದರೂ ಒಂದು ಥ್ರೆಡ್‌ಗಿಂತ ನಿಧಾನ ಆಗಿಬಿಡಬಹುದು. ನಾಲ್ಕೂ ಡಬ್ಬಿ ಒಂದೇ 64 ಬೈಟ್ ಲೈನ್‌ನಲ್ಲಿವೆ. ಒಂದು ಕೋರ್ ಬರೆದ ಕೂಡಲೇ ಉಳಿದ ಮೂರರ ಹತ್ತಿರ ಇರೋ ಪ್ರತಿ ಹಳತಾಗುತ್ತದೆ. ಆ ಲೈನನ್ನು ನಾಲ್ವರೂ ಕಿತ್ತಾಡಿಕೊಂಡು ಎಳೆಯುತ್ತಿರುತ್ತಾರೆ. ಒಂದೊಂದು ಥ್ರೆಡ್ ತನ್ನ ಮೊತ್ತವನ್ನು ತನ್ನದೇ ಲೋಕಲ್ ವೇರಿಯಬಲ್‌ನಲ್ಲಿ ಕೂಡಿ, ಕೊನೆಗೆ ಒಂದೇ ಸಲ ಬರೆದರೆ ಜಗಳ ಮುಗಿಯಿತು.

ಹೆಜ್ಜೆ 7: ಈಗ ಪರ್ಸ್ ತೆಗೆಯಬಹುದು

ಇಷ್ಟೆಲ್ಲ ಆದ ಮೇಲೂ ನಿಧಾನ ಇದ್ದರೆ ಯಾವ ಭಾಗ ಸಾಲುತ್ತಿಲ್ಲ ಅಂತ ನಿಮಗೆ ಗೊತ್ತಿರುತ್ತದೆ. ಇನ್ನೂ ತಿರುಗೋ ಹಾರ್ಡ್ ಡಿಸ್ಕ್ ಇದ್ದರೆ ಎಸ್‌ಎಸ್‌ಡಿ ಹಾಕಿಸಿ, ಯೋಚನೆಯೇ ಬೇಡ. ಲ್ಯಾಪ್‌ಟಾಪ್ ಮೊದಲೆರಡು ನಿಮಿಷ ಚುರುಕಾಗಿದ್ದು ಆಮೇಲೆ ಕುಂಟಿದರೆ ಪ್ರೊಸೆಸರ್ ಬಿಸಿಯಾಗಿ ತನ್ನ ವೇಗ ಇಳಿಸಿಕೊಳ್ಳುತ್ತಿದೆ. ಹಾಸಿಗೆ ಮೇಲಿಂದ ಎತ್ತಿ ಮೇಜಿನ ಮೇಲಿಡಿ, ಫ್ಯಾನ್‌ನ ಧೂಳು ತೆಗೆಸಿ, ಚಾರ್ಜರ್ ಹಾಕಿ ಇನ್ನೊಮ್ಮೆ ಅಳೆಯಿರಿ.

ಲೆಕ್ಕದ ಕೆಲಸ ಮೆಮೊರಿಯಲ್ಲೇ ಸಿಕ್ಕಿಕೊಂಡಿದ್ದರೆ ರ‍್ಯಾಮ್ ಎಷ್ಟು ಜಿಬಿ ಅನ್ನೋದರ ಜೊತೆಗೆ ಎಷ್ಟು ಕಡ್ಡಿಯಲ್ಲಿದೆ ಅಂತಲೂ ನೋಡಿ. ಡಿಡಿಆರ್4-3200 ಬಗೆಯ ರ‍್ಯಾಮ್‌ನ ಒಂದು ಚಾನೆಲ್ (ಪ್ರೊಸೆಸರ್‌ಗೆ ಇರೋ ದಾರಿ) ಸೆಕೆಂಡಿಗೆ ಹೆಚ್ಚೆಂದರೆ 25.6 ಜಿಬಿ ಕೊಡುತ್ತದೆ. ನಮ್ಮ 800 ಎಂಬಿ ಕೋಷ್ಟಕವನ್ನು ಒಮ್ಮೆ ಓದೋಕೆ ಕನಿಷ್ಠ 31 ಮಿಲಿಸೆಕೆಂಡ್. ಪ್ರೊಸೆಸರ್ ಯಾವುದೇ ಇರಲಿ, ಅದಕ್ಕಿಂತ ಬೇಗ ಆಗಲ್ಲ. ಎರಡು ಚಾನೆಲ್ ಆದರೆ ದಾರಿ ಎರಡು ಪಟ್ಟು ಅಗಲ. ಅದಕ್ಕೇ 16 ಜಿಬಿಯ ಒಂದೇ ಕಡ್ಡಿಗಿಂತ 8ರ ಎರಡು ಕಡ್ಡಿ ಇಂಥ ಕೆಲಸಕ್ಕೆ ವಾಸಿ. ವಿಂಡೋಸ್‌ನ ಟಾಸ್ಕ್ ಮ್ಯಾನೇಜರ್ ತೆರೆದು, ಪರ್ಫಾರ್ಮೆನ್ಸ್ ಒಳಗೆ ಮೆಮೊರಿ ಒತ್ತಿದರೆ ‘ಸ್ಲಾಟ್ಸ್ ಯೂಸ್ಡ್’ ಅಂತ ಕಾಣುತ್ತದೆ. ಎರಡರಲ್ಲಿ ಒಂದೇ ತುಂಬಿದ್ದರೆ ಈಗಿರೋ ಕಡ್ಡಿಯ ಗಾತ್ರ, ವೇಗ ಬರೆದುಕೊಂಡು ಅಂಗಡಿಗೆ ಹೋಗಿ ಅಂಥದ್ದೇ ಇನ್ನೊಂದು ಕೇಳಿ. ತೆಳ್ಳನೆ ಲ್ಯಾಪ್‌ಟಾಪ್‌ಗಳಲ್ಲಿ ರ‍್ಯಾಮನ್ನು ಬೋರ್ಡಿಗೇ ಬೆಸೆದಿರೋದೂ ಉಂಟು. ದುಡ್ಡು ಕೊಡೋ ಮೊದಲು ಹಿಂದಿನ ಮುಚ್ಚಳ ತೆಗೆಸಿ ಒಮ್ಮೆ ಕಣ್ಣಲ್ಲೇ ನೋಡಿಬಿಡಿ.